ಮೂವರಿಗೂ ಒಂದೇ ಗೌನ್ ಬೇಕಾ?

ಪ್ರಶ್ನೆ: ಅಕ್ಕಾ, ಜನವರಿಯಲ್ಲಿ ನನ್ನ ತಂಗಿಯ ಮದುವೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಲ್ಲಿ ಬೆಳಿಗ್ಗೆ ಪೂಜೆ. ಮದುಮಗಳ ಮುಂದೆ ಹೂ ಹಿಡಿದು ನಡೆಯಲು ಮೂವರು ಫ್ಲವರ್ ಗರ್ಲ್‌ಗಳಿದ್ದಾರೆ. ನನ್ನ ಮಗಳಿಗೆ 3 ವರ್ಷ, ಅಣ್ಣನ ಮಗಳಿಗೆ 5, ಹುಡುಗನ ಅಕ್ಕನ ಮಗಳಿಗೆ 8. ಹುಡುಗನ ಕಡೆಯವರು ಆನ್‌ಲೈನ್‌ನಲ್ಲಿ ಒಂದು ಗೌನ್ ನೋಡಿಟ್ಟಿದ್ದಾರೆ. ಅಚ್ಚ ಬಿಳಿ ನೆಟ್, ತೋಳಿಲ್ಲ, ನೆಲ ಮುಟ್ಟುವಷ್ಟು ಉದ್ದ. ಮೂವರಿಗೂ ಅದೇ ಬೇಕಂತೆ. ತಂಗಿ ಉಡುವುದು ಕ್ರೀಮ್ ಸೀರೆ. ನನಗೆ ಯಾಕೋ ಸರಿ ಅನ್ನಿಸುತ್ತಿಲ್ಲ. ಬೀಗರಿಗೆ ಹೇಗೆ ಹೇಳಲಿ?
— ಒಬ್ಬ ತಾಯಿ, ಸಿದ್ದಾಪುರ

ಉತ್ತರ: ನಿಮ್ಮ ಮಗಳಿಂದಲೇ ಶುರು ಮಾಡೋಣ. ದೊಡ್ಡವರಿಬ್ಬರು ಹೇಗೋ ಸಹಿಸಿಕೊಳ್ಳುತ್ತಾರೆ. 3 ವರ್ಷದವಳು ನೆಟ್ ಚುಚ್ಚಿದರೆ ಇದ್ದಲ್ಲೇ ಕೂತುಬಿಡುತ್ತಾಳೆ.

ನಾನು ಮಡಿಕೇರಿಯಲ್ಲಿ ವರ್ಷಗಟ್ಟಲೆ ಹೊಲಿಗೆ ಮಷಿನ್ ತುಳಿದವಳು. ಆದರೂ ನನ್ನ ತಂಗಿಯ ಮಗಳಿಗೆ ಹೊಲಿದ ಗೌನೇ ಕೆಟ್ಟಿತು. ಲೈನಿಂಗ್ ಸೊಂಟದಿಂದ ಕೆಳಗೆ ಮಾತ್ರ ಕೊಟ್ಟಿದ್ದೆ. ಕಂಕುಳಿನ ಹತ್ತಿರ ನೆಟ್ಟಿನ ಹೊಲಿಗೆ ನೇರ ಚರ್ಮಕ್ಕೇ ತಾಗುತ್ತಿತ್ತು. ಚರ್ಚಿನ ಬಾಗಿಲಲ್ಲಿ ಮಗು ಕೂತು ಅಳಲು ಶುರು ಮಾಡಿತು, ಹೂವಿನ ಬುಟ್ಟಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಕೊನೆಗೆ ಒಳಗೊಂದು ಬನಿಯನ್ ಹಾಕಿ, ಮೇಲೆ ಗುಲಾಬಿ ಸ್ವೆಟರ್ ತೊಡಿಸಿ ನಡೆಸಿದೆವು. ಆಲ್ಬಮ್ಮಿನಲ್ಲಿ ಇವತ್ತಿಗೂ ಆ ಸ್ವೆಟರೇ ಎದ್ದು ಕಾಣುತ್ತದೆ.

ಹಾಗಾಗಿ ಕುತ್ತಿಗೆಯಿಂದ ಕೆಳಗಿನವರೆಗೆ ಮೆತ್ತನೆಯ ಹತ್ತಿ ಲೈನಿಂಗ್ ಕೊಡಿಸಿ. ಆ ಬಟ್ಟೆಯನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನ ನೆಟ್ ಜೋತು ಬೀಳುತ್ತದೆ. ಗೌನ್ ಬುಟ್ಟಿಯ ಹಾಗೆ ಉಬ್ಬಿ ನಿಲ್ಲಲು ಒಳಗೆ ಕ್ಯಾನ್‌ಕ್ಯಾನ್ ಅನ್ನುವ ಗಟ್ಟಿ ನೆಟ್ ಹಾಕುವುದಾದರೆ, ಅದರ ಕೆಳಗೂ ಹತ್ತಿಯ ಒಂದು ಪದರ ಇರಲಿ. ಸೊಂಟ 22 ಇಂಚಿದ್ದರೆ ನೆಟ್ಟಿನ ಘೇರು 66 ಇಂಚು, ಅಂದರೆ ಮೂರು ಪಟ್ಟು ಸಾಕು. ಅದಕ್ಕಿಂತ ಜಾಸ್ತಿಯಾದರೆ ಪುಟ್ಟ ಮಗುವಿಗೆ ಬೆಂಚಿನ ಮೇಲೆ ಕೂರಲೂ ಆಗುವುದಿಲ್ಲ.

ತೋಳಿಲ್ಲದ್ದು ಬೇಡವೇ ಬೇಡ. ಜನವರಿ ಬೆಳಿಗ್ಗೆ ನಮ್ಮ ಕಡೆ ದೊಡ್ಡವರೇ ಸ್ವೆಟರ್ ಬಿಚ್ಚುವುದಿಲ್ಲ, ಅಲ್ವಾ? ಮೊಣಕೈವರೆಗೆ ತೋಳು ಕೊಡಿ, ಕ್ರೀಮ್ ಬಣ್ಣದ ಉಣ್ಣೆ ಶ್ರಗ್ ಒಂದೊಂದು ಇಟ್ಟುಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಅದನ್ನು ತೆಗೆದರಾಯಿತು. ಗೌನಿನ ಉದ್ದ ಪಾದದ ಗಂಟಿನಿಂದ ಮೇಲೆಯೇ ನಿಲ್ಲಲಿ. ಕಾಫಿ ಕೊಯ್ಲಿನ ಸಮಯದಲ್ಲಿ ಕೆಮ್ಮಣ್ಣಿನ ಧೂಳು ಹೇಗಿರುತ್ತದೆ ಅಂತ ಸಿದ್ದಾಪುರದವರಿಗೆ ನಾನು ಹೇಳಬೇಕಾಗಿಲ್ಲ. ಜೊತೆಗೆ ನೆಲ ಮುಟ್ಟುವ ನೈಲಾನ್ ನೆಟ್, ಪಕ್ಕದಲ್ಲಿ ಮೇಣದಬತ್ತಿ. ಅದು ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುವ ಬಟ್ಟೆ. ಹೆದರಿಸಲು ಹೇಳುತ್ತಿಲ್ಲ, ಮಕ್ಕಳನ್ನು ಬತ್ತಿಯಿಂದ ದೂರ ನಿಲ್ಲಿಸಿ ಅಷ್ಟೆ.

ಇನ್ನು ಬಣ್ಣ. ಕ್ರೀಮ್ ಸೀರೆಯ ಪಕ್ಕ ಅಚ್ಚ ಬಿಳಿ ನಿಂತರೆ ಫೋಟೋದಲ್ಲಿ ಸೀರೆ ಮಾಸಿದ ಹಾಗೆ ಕಾಣುತ್ತದೆ. ಸೀರೆಯ ಬ್ಲೌಸ್ ಪೀಸಿನ ಒಂದು ತುಂಡು ಹಿಡಿದುಕೊಂಡು ಹೋಗಿ, ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ಹೋಲಿಸಿ ತನ್ನಿ. "ಚರ್ಚ್ ಅಂದಮೇಲೆ ಬಿಳಿಯೇ" ಅಂತ ಬೀಗರು ಅಂದರೆ ಈ ಲೆಕ್ಕ ಹೇಳಿ: ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ವಿಕ್ಟೋರಿಯಾ ರಾಣಿ ಬಿಳಿ ಗೌನ್ ತೊಟ್ಟು ಮದುವೆಯಾದದ್ದು 1840ರಲ್ಲಿ. ಬಿಳಿ ಮದುವೆ ಬಟ್ಟೆಯ ಹುಚ್ಚು ಹಬ್ಬಿದ್ದು ಅದರ ನಂತರ. ಆ ಹುಚ್ಚಿಗಿಂತ ನಿಮ್ಮ ಚರ್ಚೇ ಹಿರಿಯದು!

ಮೂವರಿಗೂ ಒಂದೇ ಬಟ್ಟೆ ತೆಗೆಯಿರಿ, ಆದರೆ ಒಂದೇ ಕಟಿಂಗ್ ಬೇಡ. ಚಿಕ್ಕವಳಿಗೆ ಎದೆಯ ಕೆಳಗಿನಿಂದಲೇ ನೆರಿಗೆ, ಉಳಿದಿಬ್ಬರಿಗೆ ಸೊಂಟದಿಂದ. ಎಲ್ಲರಿಗೂ ಒಂದೇ ಬಣ್ಣದ ಸ್ಯಾಟಿನ್ ಪಟ್ಟಿ ಕಟ್ಟಿದರೆ ಜೊತೆ ತಾನಾಗಿಯೇ ಕಾಣುತ್ತದೆ.

ಬೀಗರ ಹತ್ತಿರ ವಾದಕ್ಕೆ ಹೋಗಬೇಡಿ. ಅವರ ಮಗುವಿಗೆ 8 ವರ್ಷ ಅಂದಿರಿ. ಪ್ರಥಮ ಪರಮಪ್ರಸಾದ, ಅಂದರೆ ಚರ್ಚಿನಲ್ಲಿ ಮಗು ಮೊದಲ ಸಲ ಪ್ರಸಾದ ಪಡೆಯುವ ಸಮಾರಂಭ, ಇನ್ನೂ ಆಗಿಲ್ಲದಿದ್ದರೆ ನಿಮ್ಮ ಕೆಲಸ ಸುಲಭ. "ತೋಳಿಟ್ಟು ಹೊಲಿಸಿದರೆ, ಪಟ್ಟಿ ಬಿಚ್ಚಿ ಅದಕ್ಕೂ ಹಾಕಬಹುದು" ಅನ್ನಿ. ಅವರ ಫಾದರಿಗೆ ಕ್ರೀಮ್ ಒಪ್ಪಿಗೆಯಾ ಅಂತ ಒಂದು ಮಾತು ಕೇಳಿಕೊಳ್ಳಲಿ. ಟೈಲರಿಗೆ ಕೆಳಗೆ 3 ಇಂಚು, ಪಕ್ಕದಲ್ಲಿ 1 ಇಂಚು ಬಟ್ಟೆ ಒಳಗೆ ಬಿಡಲು ಹೇಳಿ. ಎರಡು ಸಲ ಹಾಕುವ ಬಟ್ಟೆ ಅಂದರೆ ಯಾವ ಅಮ್ಮ ಬೇಡ ಅನ್ನುತ್ತಾಳೆ?

ಬಟ್ಟೆಯನ್ನು ನವೆಂಬರಿನಲ್ಲೇ ಕೊಟ್ಟುಬಿಡಿ. ಡಿಸೆಂಬರಿನಲ್ಲಿ ಟೈಲರುಗಳು ಕ್ರಿಸ್‌ಮಸ್ ಹೊಲಿಗೆಯಲ್ಲಿ ಮುಳುಗಿರುತ್ತಾರೆ, ಫೋನೂ ಎತ್ತುವುದಿಲ್ಲ. ನಾನೂ ಎತ್ತುತ್ತಿರಲಿಲ್ಲ. ಮದುವೆಗೆ ಎರಡು ವಾರ ಮುಂಚೆ ಮತ್ತೊಮ್ಮೆ ಹಾಕಿಸಿ ನೋಡಿ. ಹೊಸ ಶೂ ಇದ್ದರೆ ಕಣದಲ್ಲಿ ಕಾಫಿ ಹರಡದ ಮೂಲೆಯಲ್ಲಿ ನಾಲ್ಕು ದಿನ ಓಡಾಡಿಸಿ, ಅಡಿ ಸ್ವಲ್ಪ ಸವೆದರೆ ಜಾರುವುದಿಲ್ಲ.

ಒಳಗೆ ಹೂ ಚೆಲ್ಲಬಹುದಾ ಅಂತ ಫಾದರನ್ನು ಮೊದಲೇ ಕೇಳಿಕೊಳ್ಳಿ. ಗುಲಾಬಿ ಎಸಳಿಗೆ ನೀರು ಚಿಮುಕಿಸಬೇಡಿ, ಒದ್ದೆ ಎಸಳು ಕೈಗೆ, ಕೈಯಿಂದ ಗೌನಿಗೆ ಬಣ್ಣ ಹತ್ತಿಸುತ್ತದೆ. ಮತ್ತೆ, ಹೊರಡುವ ಮುಂಚೆ ಮೂವರನ್ನೂ ಬಾತ್‌ರೂಮಿಗೆ ಕಳಿಸಿ. ಗೌನ್ ಆಮೇಲೆ.