ಒಂದೇ ವಿಷಯದ ಪದಬಂಧ ಅರ್ಧಕ್ಕೆ ನಿಂತರೆ ಏನು ಮಾಡೋದು?

ನೀವು ಕೇಳಿದ್ದು ಇಷ್ಟು: ಭಾನುವಾರದ ಪುರವಣಿಯಲ್ಲಿ ಒಂದೇ ವಿಷಯ ಹಿಡಿದು ಮಾಡಿದ ಪದಬಂಧ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತದೆ, ಮೊದಲೇ ಆ ವಿಷಯ ಓದಿಕೊಂಡು ಕೂರಬೇಕಾ, ಮೊಬೈಲಲ್ಲಿ ಹುಡುಕಿದರೆ ಮೋಸವಾ?

ಓದಿಕೊಂಡು ಕೂರೋದೇನೂ ಬೇಡ. ಶುರುವಿನಲ್ಲಿ ವಿಷಯವನ್ನು ಮರೆತೇಬಿಡಿ. ಮೇಲೆ ‘ಮಹಾಭಾರತ’ ಅಂತ ಬರೆದಿದ್ದು ಕಂಡರೆ ಸಾಕು, ಎಲ್ಲ ಸುಳಿವಿಗೂ ಪಾಂಡವರನ್ನೇ ತುರುಕಲು ಹೋಗುತ್ತೇವೆ. ಆದರೆ ಪದಬಂಧ ಕಟ್ಟುವವರಿಗೆ ಬರೀ ಮಹಾಭಾರತದಿಂದ ಚೌಕ ತುಂಬಿಸಲು ಆಗುವುದಿಲ್ಲ. ನಡುವೆ ಕಿಟಕಿ, ಬದನೆ, ತಾರೀಖು ಎಲ್ಲ ಬರಲೇಬೇಕು. ಮೊದಲು ಅವನ್ನು ತುಂಬಿ. ದೊಡ್ಡ ಹೆಸರುಗಳು ಆಮೇಲೆ ತಾವಾಗಿಯೇ ಬರುತ್ತವೆ.

ಇಂಗ್ಲಿಷ್ ಪದಬಂಧಕ್ಕೆ ಹೇಳುವ ಸಲಹೆಗಳನ್ನು ಹಾಗೇ ತಂದು ನಮ್ಮದಕ್ಕೆ ಹಚ್ಚಬೇಡಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಮಾಡಿದ ಪದಬಂಧ ಬಂತು. ಅದನ್ನೇ ಈ ಆಟದ ಮೊದಲನೆಯದು ಅನ್ನುತ್ತಾರೆ. ಅಲ್ಲಿ ಒಂದು ಮನೆಗೆ, ಅಂದರೆ ಚೌಕದ ಒಂದು ಖಾನೆಗೆ, ಒಂದು ಅಕ್ಷರ, ಇರುವುದೇ 26. ನಮ್ಮಲ್ಲಿ ಹಾಗಲ್ಲ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರುತ್ತವೆ. ‘ಧನಂಜಯ’ ಬರೆದರೆ ಧ, ನಂ, ಜ, ಯ ಅಂತ ನಾಲ್ಕೇ ಮನೆ. ಹಾಗಾಗಿ ಅಡ್ಡ ಸಾಲು ಉದ್ದ ಸಾಲನ್ನು ದಾಟುವಲ್ಲಿ ಒಂದು ಅಕ್ಷರ ಸಿಕ್ಕಿದರೂ ನಮಗೆ ತುಂಬಾ ಗೊತ್ತಾಗುತ್ತದೆ. ‘ಕ’ ಸಿಕ್ಕಿದರೆ ದೊಡ್ಡ ಪ್ರಯೋಜನವಿಲ್ಲ, ಅದರಿಂದ ಶುರುವಾಗುವ ಪದ ಸಾವಿರ ಇವೆ. ಆದರೆ ನಡುವಿನಲ್ಲಿ ‘ರೀ’ ಸಿಕ್ಕಿತು ಅನ್ನಿ: ಪರೀಕ್ಷೆ, ತಾರೀಖು, ಖರೀದಿ, ಕಿರೀಟ. ಇನ್ನೂ ಕೆಲವು ಇರಬಹುದು, ಜಾಸ್ತಿ ಇಲ್ಲ. ಅಪರೂಪದ ಅಕ್ಷರ ಯಾವ ಮನೆಯಲ್ಲಿ ಬಂತೋ ಅಲ್ಲಿಂದ ಮುಂದೆ ಹೋಗಿ. ನನ್ನ ಮಟ್ಟಿಗೆ ಇದೊಂದು ಅಭ್ಯಾಸವೇ ಅರ್ಧ ಕೆಲಸ ಮುಗಿಸುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ವಿಷಯ ಅರ್ಜುನನ ಹೆಸರುಗಳು ಅಂದುಕೊಳ್ಳಿ. ಸುಳಿವುಗಳು ಹೀಗಿರುತ್ತವೆ: ಎರಡೂ ಕೈಯಿಂದ ಬಾಣ ಬಿಡುವವನು, ನಾಲ್ಕು ಮನೆ. ನಿದ್ದೆಯನ್ನು ಗೆದ್ದವನು, ನಾಲ್ಕು ಮನೆ. ಸಂಪತ್ತು ಗೆದ್ದು ತಂದವನು, ಅದಕ್ಕೂ ನಾಲ್ಕು. ಬಿಳಿ ಕುದುರೆಯ ರಥದವನು, ಐದು. ಹೆಸರುಗಳು ಗೊತ್ತಿದ್ದರೂ ಸುಳಿವನ್ನು ಸರಿಯಾಗಿ ಓದದಿದ್ದರೆ ಸವ್ಯಸಾಚಿ, ಗುಡಾಕೇಶ, ಧನಂಜಯ ಮೂರೂ ಅದಲು ಬದಲಾಗುತ್ತವೆ. ಕೆಳಕ್ಕೆ ‘ವ್ಯವಸಾಯ’ ಬಂದು ಅದರ ‘ವ್ಯ’ ಅಡ್ಡ ಸಾಲಿನ ಎರಡನೇ ಮನೆಯಲ್ಲಿ ಕೂತರೆ ಜಗಳ ಮುಗಿಯಿತು, ಅದು ಸವ್ಯಸಾಚಿಯೇ. ‘ಬೀಭತ್ಸು’ ಇದ್ದರೆ ನೋಡಿ, ಅದರ ಕೊನೆಯ ಮನೆಯನ್ನು ಯಾವ ಪದವೂ ದಾಟದ ಹಾಗೆ ಕಟ್ಟಿರುವುದೇ ಹೆಚ್ಚು. ‘ತ್ಸು’ ಇರುವ ಬೇರೆ ಪದ ಎಲ್ಲಿಂದ ತರಬೇಕು ಪಾಪ? ಉತ್ಸುಕ, ಯುಯುತ್ಸು, ಅಷ್ಟಕ್ಕೇ ನನಗೆ ನಿಲ್ಲುತ್ತದೆ. ಇನ್ನು ಎರಡು ಮನೆಯ ‘ಕೃಷ್ಣ’. ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ಅರ್ಜುನ ಹೇಳುವ ಹತ್ತು ಹೆಸರುಗಳಲ್ಲಿ ಅದೂ ಒಂದು. ಜನ ‘ಪಾರ್ಥ’ ಬರೆದು ಮುಂದೆ ಹೋಗುತ್ತಾರೆ, ಅಲ್ಲಿ ಚೌಕ ಕೆಡುತ್ತದೆ. ಫಲ್ಗುಣನ ಕೊನೆಗೆ ‘ಣ’ವೋ ‘ನ’ವೋ ಅನ್ನುವುದನ್ನೂ ದಾಟುವ ಪದ ತೀರ್ಮಾನಿಸಲಿ, ನೀವು ಬೇಡ. ಪೆನ್ಸಿಲ್ ಇಟ್ಟುಕೊಳ್ಳಿ.

ಈ ಹೆಸರುಗಳು ನಮಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮದು ಕಾಸರಗೋಡು ಜಿಲ್ಲೆ, ಕುಂಬಳೆ ಕಡೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಶುರುವಾದರೆ ಅಜ್ಜಿಯಂದಿರು ಮಕ್ಕಳ ಬಾಯಲ್ಲಿ ಅರ್ಜುನನ ಹೆಸರು ಹೇಳಿಸುತ್ತಿದ್ದರು, ಹೆದರಿಕೆ ಹೋಗಲಿ ಅಂತ. ಮಲಯಾಳ ಮಾತಾಡುವ ಮನೆಗಳಲ್ಲೂ ಇದೇ ರೂಢಿ. ಮೇಲಾಗಿ ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ತಾಳಮದ್ದಳೆ ಕೇಳಿ ಬೆಳೆದವರಿಗೆ ಪುರಾಣದ ಪದಬಂಧ ಕಷ್ಟವೇ ಅಲ್ಲ. ಅದೇ ಬೆಂಗಳೂರಿನ ಬಡಾವಣೆಗಳು ಅಂತ ವಿಷಯ ಕೊಟ್ಟರೆ ನಮ್ಮ ಕತೆ ಮುಗೀತು. ಕಟ್ಟುವವರು ಕೂತಲ್ಲಿಂದ ಕಾಣುವುದನ್ನೇ ವಿಷಯ ಮಾಡುತ್ತಾರೆ, ಅದು ಸಹಜ. ಆದರೂ ಗಡಿಯ ಈಚೆಗೂ ಕನ್ನಡ ಪತ್ರಿಕೆ ಓದುವವರಿದ್ದಾರೆ, ಪಯಸ್ವಿನಿ, ಶಿರಿಯ, ಬೇಕಲ, ಮಧೂರು ಒಮ್ಮೆಯಾದರೂ ಚೌಕದಲ್ಲಿ ಬರಬಾರದಾ ಅಂತ ನನಗೆ ಅನಿಸುತ್ತದೆ.

ಸಿನಿಮಾ ವಿಷಯ ಬಂದರೆ ನಾನು ಪುತ್ತೂರಿನಲ್ಲಿರುವ ಅತ್ತಿಗೆಗೆ ಫೋನ್ ಮಾಡುತ್ತೇನೆ. ಪೂರ್ತಿ ಸುಳಿವು ಓದಿ ಹೇಳುವುದೇ ಬೇಡ, ‘ಮೂರು ಮನೆ, ಕೊನೆಗೆ ಣಿ’ ಅಂದರೆ ಆಯಿತು. ನಾಯಕಿ ಹೆಸರಾ, ಚಿತ್ರದ ಹೆಸರಾ ಅಂತ ಕೇಳಿ, ಅಡುಗೆ ಮಾಡುತ್ತಲೇ ಉತ್ತರ ಕೊಡುತ್ತಾರೆ.

ಮೊಬೈಲ್ ವಿಚಾರ. ಹುಡುಕಿ, ಅದರಲ್ಲೇನೂ ಮೋಸವಿಲ್ಲ. ನನಗೆ ನಾನೇ ಹಾಕಿಕೊಂಡ ಒಂದು ನಿಯಮ ಇದೆ ಅಷ್ಟೇ: ಆ ಪದದಲ್ಲಿ ಕಡಿಮೆಯೆಂದರೆ ಒಂದು ಅಕ್ಷರ ದಾಟುವ ಪದದಿಂದ ಸಿಕ್ಕಿರಬೇಕು, ಆಮೇಲೆಯೇ ಹುಡುಕುವುದು. ಸುಳಿವನ್ನೇ ಟೈಪ್ ಮಾಡಿದರೆ ಬರುವ ಉತ್ತರ ಎಷ್ಟೋ ಸಲ ಚೌಕಕ್ಕೆ ಹೊಂದುವುದೂ ಇಲ್ಲ, ಮನೆಗಳ ಲೆಕ್ಕ ಅದಕ್ಕೆ ಗೊತ್ತಿರುವುದಿಲ್ಲ ನೋಡಿ. ‘ಲ್’, ‘ನ್’ ತರಹದ ಅರ್ಧಾಕ್ಷರ ಕೊನೆಗೆ ಬಂದರೆ ಅದಕ್ಕೆ ಬೇರೆ ಮನೆ ಇದೆಯಾ ಅಂತ ನಿಮ್ಮ ಪತ್ರಿಕೆಯ ಹಿಂದಿನ ಉತ್ತರಗಳಲ್ಲಿ ಒಮ್ಮೆ ನೋಡಿಕೊಳ್ಳಿ. ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲಿಯೇ.