ಅಪ್ಪನ ಆದಾಯ 96 ಸಾವಿರ, ಅಣ್ಣ ಈಗ ಕೆಲಸಕ್ಕೆ ಸೇರಿದ್ದಾನೆ. ನನಗೆ ಸರ್ಕಾರದ ಸ್ಕಾಲರ್‌ಶಿಪ್ ಸಿಗುತ್ತದಾ?

ನೀವು ಬರೆದಿರುವುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ಊರು ಶಿಡ್ಲಘಟ್ಟ. ಅಪ್ಪ ರೇಷ್ಮೆ ರೀಲಿಂಗ್ ಘಟಕದಲ್ಲಿ ಕೂಲಿ, ಅಮ್ಮ ಮನೆಯಲ್ಲಿ. ಜಾತಿ ಹಿಂದುಳಿದ ವರ್ಗದ ಪ್ರವರ್ಗ 2ಎ. ಈ ವರ್ಷ ಪಿಯುಸಿ ಕಾಮರ್ಸ್‌ನಲ್ಲಿ ಶೇ. 91 ತೆಗೆದು, ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ ಸೇರಿದ್ದೀರಿ. ಆದಾಯ ಪತ್ರದಲ್ಲಿ 96 ಸಾವಿರ ಇದೆ. ಆದರೆ ಅಣ್ಣನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 20 ಸಾವಿರದ ಕೆಲಸ ಸಿಕ್ಕಿದೆ. ಅವನ ಸಂಬಳ ಸೇರಿಸಿದರೆ ಮಿತಿ ದಾಟುತ್ತದಾ? ಒಟ್ಟಿಗೆ ಎಷ್ಟು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು? ಆ ದುಡ್ಡಿನಲ್ಲೇ ಫೀಸ್ ಕಟ್ಟಬಹುದಾ? ವಿದ್ಯಾಸಿರಿ ಸಿಗುತ್ತದಾ?

ನಾನು ಚಿಂತಾಮಣಿ ಕಡೆಯ ಕಾಲೇಜೊಂದರ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಕೇಸ್ ವರ್ಕರ್. ಅಡ್ಮಿಷನ್ ಮುಗಿದ ಮೇಲೆ ನನ್ನ ಕಿಟಕಿಯ ಮುಂದೆ ನಿಲ್ಲುವ ಮಕ್ಕಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಎಲ್ಲರೂ ಆದಾಯದ ಮಿತಿಯ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಮಿತಿ ದಾಟಿ ದುಡ್ಡು ಕಳೆದುಕೊಂಡವರಿಗಿಂತ, ಮಿತಿಯೊಳಗೇ ಇದ್ದು ಬೇರೆ ಕಾರಣಕ್ಕೆ ಕಳೆದುಕೊಂಡವರೇ ಜಾಸ್ತಿ.

ಮೊದಲು ಅಣ್ಣನ ಸಂಬಳ. ಅದನ್ನು ಸೇರಿಸಬೇಕಿಲ್ಲ. ಎಸ್‌ಎಸ್‌ಎಲ್‌ಸಿ ನಂತರದ ಓದಿಗೆ ಕೊಡುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ನ ನಿಯಮ ಇದರಲ್ಲಿ ಸ್ಪಷ್ಟವಾಗಿದೆ. ತಂದೆ ತಾಯಿಯಲ್ಲಿ ಒಬ್ಬರು ಬದುಕಿದ್ದರೂ ಅವರ ಆದಾಯ ಮಾತ್ರ ಲೆಕ್ಕಕ್ಕೆ. ಅದು ಎಲ್ಲಾ ಮೂಲದಿಂದ ಬರುವ ಆದಾಯ, ಕೂಲಿಯೂ ಸೇರಿತು, ಹಾಲು ಹಾಕಿ ಬರುವ ದುಡ್ಡೂ ಸೇರಿತು. ಆದರೆ ಮನೆಯಲ್ಲಿ ಬೇರೆ ಯಾರು ದುಡಿದರೂ ಅದನ್ನು ತರುವಂತಿಲ್ಲ. ಮದುವೆಯಾದ, ಕೆಲಸದಲ್ಲಿಲ್ಲದ ಹುಡುಗಿಯಾದರೆ ಗಂಡನ ಆದಾಯ ನೋಡುತ್ತಾರೆ. ನಮ್ಮ ಕಡೆ ಎರಡನೇ ವರ್ಷದಲ್ಲೇ ಮದುವೆ ಮಾಡಿಬಿಡುವವರು ಇನ್ನೂ ಇದ್ದಾರೆ, ಅದಕ್ಕೇ ಹೇಳಿದೆ.

ಹಿಂದುಳಿದ ವರ್ಗದವರಿಗೆ ಕೇಂದ್ರದ ಪಿಎಂ ಯಶಸ್ವಿ ಪೋಸ್ಟ್ ಮೆಟ್ರಿಕ್ ಯೋಜನೆಯ ಮಿತಿ ವರ್ಷಕ್ಕೆ 2.5 ಲಕ್ಷ. ಅಣ್ಣನ 2.4 ಲಕ್ಷವನ್ನು ಸೇರಿಸಿದರೆ ನಿಮ್ಮದು 3.36 ಲಕ್ಷ ಆಗಿ ದಾಟುತ್ತಿತ್ತು. ಸೇರಿಸಬೇಕಿಲ್ಲವಾದ್ದರಿಂದ 96 ಸಾವಿರವೇ ನಿಲ್ಲುತ್ತದೆ. ರಾಜ್ಯ ತನ್ನದೇ ದುಡ್ಡಿನಲ್ಲಿ ನಡೆಸುವ ಶುಲ್ಕ ವಿನಾಯಿತಿಯಂಥ ಯೋಜನೆಗಳಿಗೆ ಪ್ರವರ್ಗ ನೋಡಿ ಬೇರೆ ಬೇರೆ ಮಿತಿ ಇರುತ್ತದೆ, ಅದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ಈಗ ಅರ್ಜಿಯ ವಿಷಯ. ರಾಜ್ಯದ್ದು ಎಸ್‌ಎಸ್‌ಪಿ, ಅಂದರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್. ಅಲ್ಲಿ ಇಲಾಖೆಗೊಂದು ಅರ್ಜಿ ಹಾಕುವ ಕೆಲಸ ಇಲ್ಲ. ಒಂದೇ ಅರ್ಜಿ ಹಾಕಿದರೆ ನಿಮ್ಮ ಜಾತಿ ಪತ್ರದ ಆರ್‌ಡಿ ನಂಬರ್ ನೋಡಿ ಅದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೆ ಹೋಗುತ್ತದೆ. ಎಸ್‌ಸಿ ಮಕ್ಕಳದ್ದು ಸಮಾಜ ಕಲ್ಯಾಣಕ್ಕೆ, ಮುಸ್ಲಿಂ, ಕ್ರೈಸ್ತ, ಜೈನ ಮಕ್ಕಳದ್ದು ಅಲ್ಪಸಂಖ್ಯಾತರ ಇಲಾಖೆಗೆ. ಯಶಸ್ವಿ ಮಾರ್ಗಸೂಚಿಯಲ್ಲಿ ಕೋರ್ಸ್ ನೋಡಿ ವರ್ಷಕ್ಕೆ 5 ಸಾವಿರದಿಂದ 20 ಸಾವಿರದವರೆಗೆ ಇದೆ. ಎಂಜಿನಿಯರಿಂಗ್, ಮೆಡಿಕಲ್ ಮೇಲಿನ ತುದಿಯಲ್ಲಿ. ಬಿ.ಕಾಂನಂಥ ಸಾಮಾನ್ಯ ಪದವಿಗೆ 8 ಸಾವಿರ.

ಆದರೆ ಹಿಂದುಳಿದ ವರ್ಗದ ಸ್ಕಾಲರ್‌ಶಿಪ್‌ನಲ್ಲಿ ಅರ್ಹತೆ ಇದೆ ಅಂದರೆ ದುಡ್ಡು ಬಂದೇ ಬರುತ್ತದೆ ಅಂತಲ್ಲ. ಅನುದಾನ ಎಷ್ಟಿದೆಯೋ ಅಷ್ಟು ಜನಕ್ಕೆ. ಎಸ್‌ಸಿ ಯೋಜನೆ ಹಾಗಲ್ಲ, ಅಲ್ಲಿ ಅರ್ಹರಾದ ಎಲ್ಲರಿಗೂ ಕೊಡಬೇಕು. ನಿಮ್ಮ ಪಕ್ಕದ ಬೆಂಚಿನ ಗೆಳತಿಗೆ ಬಂದು ನಿಮಗೆ ಬಾರದೇ ಹೋದರೆ ಅದು ಕಾಲೇಜಿನವರ ಕೈವಾಡ ಅಂದುಕೊಳ್ಳಬೇಡಿ. ಈ ಬೈಗುಳ ನಮಗೆ ಪ್ರತಿ ವರ್ಷ ಬೀಳುತ್ತದೆ.

ಈಗ ನಿಮಗೆ ಮುಖ್ಯವಾದ ಇನ್ನೊಂದು ದಾರಿ ಹೇಳುತ್ತೇನೆ. ಶೇ. 91 ತೆಗೆದಿದ್ದೀರಿ ಅಂದಿರಲ್ಲ, ಕೇಂದ್ರದ ಪಿಎಂ ಉಚ್ಚತರ್ ಶಿಕ್ಷಾ ಪ್ರೋತ್ಸಾಹನ್ ಯೋಜನೆಯಲ್ಲಿ ಕಾಲೇಜು ಮಕ್ಕಳ ಸ್ಕಾಲರ್‌ಶಿಪ್ ಒಂದಿದೆ. ನಮ್ಮ ಕಡೆ ಇದಕ್ಕೆ ಅರ್ಜಿ ಹಾಕುವವರೇ ಕಡಿಮೆ. ಎಸ್‌ಎಸ್‌ಪಿ ಒಂದು ಹಾಕಿ ಕೈ ತೊಳೆದುಕೊಂಡುಬಿಡುತ್ತಾರೆ. ಇದು ಎನ್‌ಎಸ್‌ಪಿ, ಅಂದರೆ ಕೇಂದ್ರದ ಪೋರ್ಟಲ್‌ನಲ್ಲಿ ಇರುತ್ತದೆ. ಜಾತಿ ಕೇಳುವುದಿಲ್ಲ ಅಂತಲ್ಲ, ಒಳಗೆ ಮೀಸಲಾತಿ ಇದೆ, ಆದರೆ ಎಲ್ಲಾ ಜಾತಿಯವರೂ ಹಾಕಬಹುದು. ಕುಟುಂಬದ ಆದಾಯ 4.5 ಲಕ್ಷ ಮೀರಬಾರದು. ಇಲ್ಲಿ ಅಣ್ಣನ ಸಂಬಳ ಸೇರಿಸಿ ನೋಡಿದರೂ ನೀವು 3.36 ಲಕ್ಷದಲ್ಲಿ ಒಳಗೇ ಇದ್ದೀರಿ. ಪಿಯು ಬೋರ್ಡಿನಲ್ಲಿ ಪಾಸಾದವರ ಪೈಕಿ ನೀವು ಮೇಲಿನ ಶೇ. 20ರ ಒಳಗೆ ಬರಬೇಕು. ಶೇ. 80 ಅಂಕ ತೆಗೆದರೆ ಸಾಕು ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ. ಹಾಗಲ್ಲ, ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ಲೆಕ್ಕ.

ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಹೊಸದಾಗಿ 82 ಸಾವಿರ ಜನಕ್ಕೆ ಕೊಡುತ್ತಾರೆ. ರಾಜ್ಯದ ಪಾಲಿಗೆ ಬಂದಿದ್ದನ್ನು ಸೈನ್ಸ್, ಕಾಮರ್ಸ್, ಆರ್ಟ್ಸ್ ಮಕ್ಕಳಿಗೆ 3:2:1ರಂತೆ ಹಂಚುತ್ತಾರೆ. ಅರ್ಧ ಹುಡುಗಿಯರಿಗೆ. ಹಾಗಾಗಿ ಸೈನ್ಸ್‌ನಲ್ಲಿ ಶೇ. 97 ತೆಗೆದವರ ಜೊತೆ ನಿಮಗೆ ಪೈಪೋಟಿ ಇಲ್ಲ, ಕಾಮರ್ಸ್‌ನವರ ಜೊತೆ ಮಾತ್ರ. ಆಯ್ಕೆಯಾದರೆ ಪದವಿಯ ಮೂರು ವರ್ಷ, ವರ್ಷಕ್ಕೆ 12 ಸಾವಿರ. ಮುಂದೆ ಎಂ.ಕಾಂ ಮಾಡಿದರೆ ವರ್ಷಕ್ಕೆ 20 ಸಾವಿರ. ಪ್ರತಿ ವರ್ಷ ರಿನ್ಯೂವಲ್‌ಗೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ರೆಗ್ಯುಲರ್ ಪದವಿ ಆಗಿರಬೇಕು, ದೂರಶಿಕ್ಷಣ, ಡಿಪ್ಲೊಮಾ ನಡೆಯುವುದಿಲ್ಲ. ಇನ್ನೊಂದು ಮಾತು: ಇದಕ್ಕೆ ಹೊಸ ಅರ್ಜಿ ಹಾಕುವುದು ಪಿಯು ಮುಗಿಸಿದ ವರ್ಷವೇ. ಮುಂದಿನ ವರ್ಷ ನೋಡೋಣ ಅಂದರೆ ಕೈತಪ್ಪಿತು.

ಹಾಗಾದರೆ ಎರಡೂ ತಗೋಬಹುದಾ? ಇಲ್ಲ. ಎನ್‌ಎಸ್‌ಪಿಯ ಈ ಪ್ರೋತ್ಸಾಹನ್ ಸ್ಕಾಲರ್‌ಶಿಪ್ ಪಡೆಯುವವರು ಬೇರೆ ಸ್ಕಾಲರ್‌ಶಿಪ್ಪನ್ನಾಗಲಿ ಶುಲ್ಕ ಮರುಪಾವತಿಯನ್ನಾಗಲಿ ಪಡೆಯುವಂತಿಲ್ಲ. ಪೋಸ್ಟ್ ಮೆಟ್ರಿಕ್‌ನಲ್ಲೂ ಅದೇ ಮಾತು. ಆದರೆ ಅಲ್ಲಿ ಒಂದು ಅನುಕೂಲ ಬರೆದಿದ್ದಾರೆ: ಇನ್ನೊಂದು ಸಿಕ್ಕರೆ, ಯಾವುದರಲ್ಲಿ ಲಾಭವೋ ಅದನ್ನು ಆರಿಸಿಕೊಂಡು ಪ್ರಿನ್ಸಿಪಾಲರ ಮೂಲಕ ತಿಳಿಸಬಹುದು. ಅಂದರೆ ಮೊದಲೇ ಕೂತು ಒಂದನ್ನು ಬಿಡಬೇಕಿಲ್ಲ. ಎರಡಕ್ಕೂ ಹಾಕಿ. ಎರಡೂ ಮಂಜೂರಾದರೆ ಒಂದನ್ನು ಬೇಡ ಅಂತ ಬರೆದುಕೊಡಿ. ಎರಡನ್ನೂ ಸುಮ್ನೆ ಇಟ್ಟುಕೊಂಡರೆ ಮುಂದೊಂದು ದಿನ ವಾಪಸ್ ಕಟ್ಟಿ ಅನ್ನುವ ನೋಟಿಸ್ ಬರುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಎನ್‌ಎಸ್‌ಪಿಯ ಪ್ರೋತ್ಸಾಹನ್ ಸ್ಕಾಲರ್‌ಶಿಪ್ಪನ್ನು ಇಟ್ಟುಕೊಳ್ಳುತ್ತಿದ್ದೆ. ಸರ್ಕಾರಿ ಕಾಲೇಜಿನ ಬಿ.ಕಾಂ ಫೀಸ್ ಹೆಚ್ಚಿಲ್ಲ, ಈ ಸ್ಕಾಲರ್‌ಶಿಪ್ ಮೂರು ವರ್ಷಕ್ಕೆ ಇಂತಿಷ್ಟು ಅಂತ ಗೊತ್ತಿರುತ್ತದೆ. ಖಾಸಗಿ ಕಾಲೇಜಿನಲ್ಲಿ ದೊಡ್ಡ ಫೀಸ್ ಇದ್ದು, ಶುಲ್ಕ ವಿನಾಯಿತಿ ಸಿಗುವಂತಿದ್ದರೆ ಲೆಕ್ಕ ಬೇರೆಯಾಗುತ್ತದೆ.

ವಿದ್ಯಾಸಿರಿ ಬಗ್ಗೆಯೂ ಕೇಳಿದ್ದೀರಿ. ಅದು 2013ರಲ್ಲಿ ಶುರುವಾದ ಊಟ, ವಸತಿ ಸಹಾಯ. ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಶುರುವಾಯಿತು. ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಗದೆ ಹೊರಗೆ ರೂಮು ಮಾಡಿಕೊಂಡು ಓದುವವರಿಗೆ ಅದು. ನೀವು ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಓಡಾಡುತ್ತೀರಿ, ನಿಮಗೆ ಅನ್ವಯಿಸುವುದಿಲ್ಲ. ಬಸ್ಸಿನ ಖರ್ಚು 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೇಗೂ ಉಳಿಯುತ್ತಿದೆ ಅಲ್ವಾ.

ನಿಮ್ಮ ಪ್ರಶ್ನೆಯ ಕೆಳಗೆ ಎಸ್‌ಸಿ ಹುಡುಗನೊಬ್ಬ ತನಗೆ ಅರ್ಧ ದುಡ್ಡು ಮಾತ್ರ ಬಂದಿದೆ ಅಂತ ಬರೆದಿದ್ದ. ಅವನಿಗೂ ಹೇಳಿಬಿಡುತ್ತೇನೆ. ಎಸ್‌ಸಿ ಪೋಸ್ಟ್ ಮೆಟ್ರಿಕ್‌ನಲ್ಲಿ ರಾಜ್ಯದ್ದು ಶೇ. 40, ಕೇಂದ್ರದ್ದು ಶೇ. 60. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನದನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕುತ್ತದೆ. ಹಾಗಾಗಿ ಎರಡು ಸಲ ಬರುತ್ತದೆ, ನಡುವೆ ತಿಂಗಳುಗಳೇ ಕಳೆಯಬಹುದು. ಅಲ್ಲೂ ಮಿತಿ 2.5 ಲಕ್ಷ. ಬಿಎ, ಬಿ.ಕಾಂ ಮಕ್ಕಳಿಗೆ ಫೀಸ್ ಬಿಟ್ಟು ನಿರ್ವಹಣೆಗೆ ಅಂತ ಮನೆಯಿಂದ ಓಡಾಡುವವರಿಗೆ ವರ್ಷಕ್ಕೆ 3 ಸಾವಿರ, ಹಾಸ್ಟೆಲ್‌ನವರಿಗೆ 6 ಸಾವಿರ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ತಗೊಂಡಿದ್ದರೆ ಇಲ್ಲ. ಬಿಎ ಮುಗಿಸಿ ಮತ್ತೆ ಬಿ.ಕಾಂ ಸೇರಿದರೂ ಇಲ್ಲ, ಒಂದೇ ಮಟ್ಟದ ಓದಿಗೆ ಎರಡು ಸಲ ಕೊಡುವುದಿಲ್ಲ. ಗೌರಿಬಿದನೂರು ಕಡೆಯವರು ಆಂಧ್ರದ ಹಿಂದೂಪುರಕ್ಕೆ ಹೋಗಿ ಓದುತ್ತಾರಲ್ಲ, ಅವರಿಗೆ ಕೊಡಬೇಕಾದದ್ದು ಕರ್ನಾಟಕವೇ. ಯಾವ ರಾಜ್ಯದ ನಿವಾಸಿಯೋ ಆ ರಾಜ್ಯದ ಲೆಕ್ಕ.

ಇಷ್ಟೆಲ್ಲ ಸರಿ ಇದ್ದೂ ದುಡ್ಡು ಬಾರದಿರುವುದು ಎಲ್ಲಿ ಅಂದರೆ ಬ್ಯಾಂಕ್ ಖಾತೆಯಲ್ಲಿ. ಇದನ್ನು ನಿಧಾನಕ್ಕೆ ಓದಿ. ಅರ್ಜಿಯಲ್ಲಿ ನೀವು ಯಾವ ಪಾಸ್‌ಬುಕ್ ತೋರಿಸಿದಿರಿ ಅನ್ನುವುದು ಮುಖ್ಯ ಅಲ್ಲ. ದುಡ್ಡು ನಿಮ್ಮ ಆಧಾರ್ ನಂಬರ್ ಹಿಡಿದು ಬರುತ್ತದೆ. ಬ್ಯಾಂಕುಗಳ ನಡುವಿನ ಹಣ ವರ್ಗಾವಣೆ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ನಂಬರಿನ ಮುಂದೆ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ ಬೀಳುತ್ತದೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಆ ಪಟ್ಟಿಗೆ ಸೇರುವುದಿಲ್ಲ. ಸರ್ಕಾರದ ದುಡ್ಡು ಈ ಖಾತೆಗೆ ಬರಲಿ ಅಂತ ಬ್ಯಾಂಕಿನಲ್ಲಿ ಬೇರೆ ಫಾರಂ ಬರೆದುಕೊಡಬೇಕು. ಎರಡು ಬ್ಯಾಂಕಿನಲ್ಲಿ ಕೊಟ್ಟಿದ್ದರೆ ಕೊನೆಗೆ ಕೊಟ್ಟದ್ದೇ ನಿಲ್ಲುತ್ತದೆ. ಒಬ್ಬ ಹುಡುಗಿಯ ದುಡ್ಡು ಎಲ್ಲೂ ಕಾಣದೆ ಹುಡುಕಿದರೆ, ಸಿಮ್ ತಗೊಳ್ಳುವಾಗ ಅಂಗಡಿಯವನು ಮೊಬೈಲಿನಲ್ಲೇ ತೆರೆದುಕೊಟ್ಟಿದ್ದ ಖಾತೆಯಲ್ಲಿ ಕೂತಿತ್ತು. ನಿಮ್ಮದು ಯಾವ ಬ್ಯಾಂಕ್ ಅಂತ ಯುಐಡಿಎಐ ವೆಬ್‌ಸೈಟಿನ ಮೈ ಆಧಾರ್‌ನಲ್ಲಿ ಒಟಿಪಿ ಹಾಕಿ ನೋಡಬಹುದು. ಅರ್ಜಿ ಹಾಕುವ ಮೊದಲೇ ನೋಡಿ.

ಹೆಸರಿನದ್ದು ಇನ್ನೊಂದು ರಗಳೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜಾತಿ ಪತ್ರದಲ್ಲಿ ಮೂರನೇ ಥರ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಹಾಗಾಗಿ ಮಾರ್ಕ್ಸ್ ಕಾರ್ಡಿನ ಹೆಸರಿಗೆ ಉಳಿದದ್ದನ್ನು ಹೊಂದಿಸಿ. ನಿಮ್ಮ ಜಾತಿ, ಆದಾಯ ಪತ್ರಕ್ಕೆ ಐದು ವರ್ಷ ಮಾನ್ಯತೆ. ಹೈಸ್ಕೂಲಿನಲ್ಲಿ ಮಾಡಿಸಿದ್ದಾದರೆ ಡಿಗ್ರಿ ನಡುವೆ ಮುಗಿದುಹೋಗುತ್ತದೆ. ತಾರೀಕು ನೋಡಿ, ಹತ್ತಿರದಲ್ಲಿದ್ದರೆ ಈಗಲೇ ನಾಡಕಚೇರಿಯಲ್ಲಿ ಹೊಸದಕ್ಕೆ ಹಾಕಿ. ಇ-ದೃಢೀಕರಣ, ಅಂದರೆ ದಾಖಲೆ ಸರಿ ಇದೆ ಅಂತ ಆನ್‌ಲೈನ್‌ನಲ್ಲಿ ಒಪ್ಪಿಗೆ, ಮಾಡಿಸಬೇಕಾದ ದಾಖಲೆ ಇದ್ದರೆ ಕಾಲೇಜಿನಲ್ಲೇ ಅದಕ್ಕೊಬ್ಬರು ಅಧಿಕಾರಿ ಇರುತ್ತಾರೆ, ಕೊನೆಯ ವಾರದಲ್ಲಿ ಅವರ ಮುಂದೆ ಜಾತ್ರೆ.

ಸೈಬರ್ ಸೆಂಟರ್‌ನಲ್ಲಿ ಹಾಕಿಸಿದರೆ ತಪ್ಪಿಲ್ಲ, ಅರ್ಜಿಗೆ ಸರ್ಕಾರ ಏನೂ ಶುಲ್ಕ ಕೇಳುವುದಿಲ್ಲ ಅನ್ನುವುದು ನೆನಪಿರಲಿ. ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅವರ ನಂಬರ್ ಹಾಕಿಬಿಟ್ಟರೆ ಮುಂದಿನ ವರ್ಷ ಒಟಿಪಿಗೆ ಅವರನ್ನು ಹುಡುಕಿಕೊಂಡು ಹೋಗಬೇಕು. ಮತ್ತೆ, ಅಪ್ಪನಿಗೆ ಲೇಬರ್ ಕಾರ್ಡ್ ಮಾಡಿಸಿಕೊಡುತ್ತೇವೆ, ಅದರಲ್ಲೂ ಸ್ಕಾಲರ್‌ಶಿಪ್ ಬರುತ್ತದೆ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಅದು ಕಟ್ಟಡ ಕಾರ್ಮಿಕರಿಗೆ. ರೀಲಿಂಗ್ ಕೆಲಸದವರು ಆ ಕಾರ್ಡ್ ಮಾಡಿಸಿದರೆ ಸುಳ್ಳು ದಾಖಲೆ ಆಗುತ್ತದೆ. ಆ ಕಾರ್ಡ್‌ಗಳನ್ನು ಪರಿಶೀಲಿಸಿ ರದ್ದು ಮಾಡುತ್ತಾರೆ.

ಕೊನೆಗೆ ಫೀಸ್. ಈ ದುಡ್ಡನ್ನು ನಂಬಿ ಫೀಸ್ ಕಟ್ಟುವ ಯೋಚನೆ ಮಾಡಬೇಡಿ. ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆಯ ಪರಿಶೀಲನೆ, ಮಂಜೂರಾತಿ, ಆಮೇಲೆ ಖಜಾನೆ. ಪರೀಕ್ಷೆ ಮುಗಿದ ಮೇಲೆ ದುಡ್ಡು ಬಂದದ್ದೂ ಉಂಟು. ಇದು ಸರಿಯಲ್ಲ ಅಂತ ನನಗೂ ಅನ್ನಿಸುತ್ತದೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಅಂತ ಮಾಡಿದ ಯೋಜನೆ, ಮೊದಲು ಕೈಯಿಂದ ಹಾಕಿ ಅನ್ನುತ್ತದೆ. ಆದರೆ ಈಗ ಇರುವುದು ಹೀಗೆ. ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಫೀಸನ್ನು ಕಂತಿನಲ್ಲಿ ಕಟ್ಟುತ್ತೇನೆ ಅಂತ ಕೇಳಿ. ಜೊತೆಗೆ ಎಸ್‌ಎಸ್‌ಪಿ ಅರ್ಜಿಯ ಪ್ರತಿ ಲಗತ್ತಿಸಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಅಣ್ಣನ ಹತ್ತಿರ ಮೊದಲ ಕಂತಿಗೆ ಕೈಸಾಲ ಕೇಳಿದರೂ ನಿಮ್ಮ ಅರ್ಹತೆಗೆ ಏನೂ ಆಗುವುದಿಲ್ಲ.

ಎನ್‌ಎಸ್‌ಪಿಯಲ್ಲಿ ಮೊದಲು ಒನ್ ಟೈಮ್ ರಿಜಿಸ್ಟ್ರೇಷನ್ ಆಗಬೇಕು. ಅದಕ್ಕೆ ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣ ಮಾಡಬೇಕಾಗುತ್ತದೆ, ಬೆಳಕಿರುವ ಕಡೆ ಕೂತು ಮಾಡಿ. ಅರ್ಜಿ ಹಾಕಿದ ಮೇಲೆ ಕಾಲೇಜಿನ ಆಫೀಸಿಗೆ ಹೋಗಿ ವೆರಿಫೈ ಮಾಡಲು ಹೇಳಿ. ಇದಕ್ಕೆ ಹಾಕುವವರು ಕಡಿಮೆ ಇರುವುದರಿಂದ ಆ ಲಾಗಿನ್ ತೆರೆದು ನೋಡುವುದೇ ಕೆಲವು ಕಡೆ ಮರೆತುಹೋಗಿರುತ್ತದೆ. ಕಾಲೇಜು ವೆರಿಫೈ ಮಾಡದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ.