ಹಗಲು ಹಸಿರು, ದೀಪಕ್ಕೆ ಕೆಂಪು: ಆ ಉಂಗುರ ತಗೊಳ್ಳಬಹುದಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಮದುವೆಯಾಗಿ 25 ವರ್ಷ ಆಯ್ತು ಅಂತ ಹೆಂಡತಿಗೆ ಉಂಗುರ ಮಾಡಿಸುವ ಆಸೆ. ಕಾರವಾರದ ಒಂದು ಅಂಗಡಿಯಲ್ಲಿ ಬಣ್ಣ ಬದಲಾಗುವ ಹರಳು ತೋರಿಸಿದರು. ಅಲೆಕ್ಸಾಂಡ್ರೈಟ್ ಅಂತೆ. ಬಾಗಿಲ ಹತ್ತಿರ ಬೂದು ನೀಲಿ, ಒಳಗಿನ ಹಳದಿ ಬಲ್ಬಿಗೆ ನೇರಳೆ. ಐದು ಕ್ಯಾರೆಟ್ ಹರಳಿಗೆ ಒಂಬತ್ತು ಸಾವಿರ ಹೇಳಿದರು. ಅವಳಿಗೆ ಪಚ್ಚೆ ಆಗಿಬರುತ್ತದೆ ಅಂತ ಜೋಯಿಸರು ಹೇಳಿದ್ದರು, ಅದರ ಬದಲು ಇದು ನಡೆಯುತ್ತಾ?

ಉತ್ತರ: ಆ ಒಂಬತ್ತು ಸಾವಿರ ಸದ್ಯ ಕಿಸೆಯಲ್ಲೇ ಇರಲಿ. ನೀವು ಹೇಳಿದ ಬೂದು ನೀಲಿ, ನೇರಳೆ ಜೋಡಿ ಕೇಳಿದರೆ ಅದು ವನೇಡಿಯಂ ಎಂಬ ಲೋಹ ಸೇರಿಸಿ ಕಾರ್ಖಾನೆಯಲ್ಲಿ ಮಾಡಿದ ಕೃತಕ ನೀಲಮಣಿಯಂತೆ ಕಾಣುತ್ತದೆ. ಅದನ್ನು ಅಲೆಕ್ಸಾಂಡ್ರೈಟ್ ಅಂತ ಮಾರುವುದು ಹಳೇ ವ್ಯಾಪಾರ. ಒಳ್ಳೆಯ ಅಲೆಕ್ಸಾಂಡ್ರೈಟ್ ಹಗಲಲ್ಲಿ ಹಸಿರು ಅಥವಾ ನೀಲಿ ಹಸಿರು, ದೀಪಕ್ಕೆ ಕೆಂಪು ಇಲ್ಲವೇ ನೇರಳೆ ಕೆಂಪು. ನೆಲದಲ್ಲಿ ಸಿಗುವ ಚೊಕ್ಕ ಹರಳು ಒಂದು ಕ್ಯಾರೆಟ್ ದಾಟಿದರೇ ಅಪರೂಪ. ಐದು ಕ್ಯಾರೆಟ್ಟಿನದು ಈ ಬೆಲೆಗೆ ಬರುವ ಮಾತೇ ಇಲ್ಲ.

ಬಣ್ಣ ಯಾಕೆ ಬದಲಾಗುತ್ತದೆ ಅಂದರೆ, ಹರಳಿನೊಳಗೆ ಚೂರು ಕ್ರೋಮಿಯಂ ಇರುತ್ತದೆ. ಅದು ಹಳದಿ ಬೆಳಕನ್ನು ಹೀರಿಕೊಂಡು ಹಸಿರು, ಕೆಂಪು ಎರಡನ್ನೂ ಹೊರಗೆ ಬಿಡುತ್ತದೆ. ಬಿಸಿಲಿನಲ್ಲಿ ನೀಲಿ ಹಸಿರಿನ ಅಂಶ ಜಾಸ್ತಿ, ಹಾಗಾಗಿ ಕಣ್ಣಿಗೆ ಹಸಿರು. ಎಣ್ಣೆ ದೀಪ, ಮೇಣದಬತ್ತಿ, ಹಳೇ ತಂತಿ ಬಲ್ಬುಗಳಲ್ಲಿ ಕೆಂಪು ಜಾಸ್ತಿ, ಆಗ ಹರಳೂ ಕೆಂಪು. ಕೆಂಪು ಹರಳು ಮಾಣಿಕ್ಯಕ್ಕೂ ಹಸಿರು ಪಚ್ಚೆಗೂ ಬಣ್ಣ ಕೊಡುವುದು ಇದೇ ಕ್ರೋಮಿಯಂ, ಮಜಾ ಅಲ್ವಾ?

ಇಲ್ಲೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಬಿಳಿ ಎಲ್‌ಇಡಿ ಬೆಳಕಿಗೆ ಈ ಕೆಂಪು ಸರಿಯಾಗಿ ಏಳುವುದಿಲ್ಲ. ನಿಮ್ಮ ಮನೆ ತುಂಬ ಎಲ್‌ಇಡಿ ಇದ್ದರೆ ಲಕ್ಷ ಕೊಟ್ಟು ತಂದ ಹರಳೂ ರಾತ್ರಿಯೆಲ್ಲ ಹಸಿರಾಗಿಯೇ ಕೂತಿರಬಹುದು, ದೇವರ ದೀಪ ಹಚ್ಚಿದಾಗ ಮಾತ್ರ ಅದರ ಆಟ. ಆದ್ದರಿಂದ ಉಂಗುರ ಹಿಡಿದು ಮೊದಲು ಅಂಗಡಿಯ ಹೊರಗೆ ಬನ್ನಿ, ನೇರ ಬಿಸಿಲು ಬೇಡ, ನೆರಳಲ್ಲಿ ನಿಂತು ನೋಡಿ. ಆಮೇಲೆ ಒಳಗೆ ಲೈಟು ಆರಿಸಿ ಒಂದು ಮೇಣದಬತ್ತಿ ಹಚ್ಚಲು ಹೇಳಿ. ಮೊಬೈಲ್ ಟಾರ್ಚ್ ಹಾಕಿ ತೋರಿಸಿದರೆ ಪ್ರಯೋಜನವಿಲ್ಲ, ಅದೂ ಎಲ್‌ಇಡಿಯೇ. ಇಷ್ಟು ಮಾಡಲು ಮುಖ ಸಿಂಡರಿಸುವ ಅಂಗಡಿಯಾದರೆ ಎದ್ದು ಬನ್ನಿ.

ಬಣ್ಣದ ಆಟವೇ ಸಾಕು, ಅಪರೂಪ ಅನ್ನಿಸಿಕೊಳ್ಳಬೇಕಿಲ್ಲ ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಅಲೆಕ್ಸಾಂಡ್ರೈಟ್ ಕೇಳಿ. ನನ್ನನ್ನು ಕೇಳಿದರೆ ನಿಮಗೆ ಅದೇ ಸರಿ. ಖನಿಜ ಅದೇ, ಗಟ್ಟಿತನ ಅದೇ, ಬೆಲೆ ಎಷ್ಟೋ ಕಡಿಮೆ. ಬಿಲ್ಲಿನಲ್ಲಿ ಹಾಗಂತ ಬರೆದಿರಬೇಕು ಅಷ್ಟೇ. ನೆಲದ್ದೇ ಬೇಕು ಅಂದರೆ ಹರಳು ಪರೀಕ್ಷಿಸುವ ಜಿಐಎ ಅಥವಾ ಐಜಿಐ ಲ್ಯಾಬಿನ ರಿಪೋರ್ಟ್ ಇಲ್ಲದೆ ಮುಟ್ಟಬೇಡಿ. ಹಾಲ್‌ಮಾರ್ಕ್ ಇದೆ ಅಂತ ನೆಚ್ಚಿಕೊಳ್ಳಬೇಡಿ, ಅದು ಚಿನ್ನಕ್ಕೆ, ಹರಳಿಗಲ್ಲ. ಹರಳಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆಸಿ, ಐದು ಕ್ಯಾರೆಟ್ ಅಂದರೆ ಒಂದು ಗ್ರಾಂ ಆಯ್ತು, ಅದಕ್ಕೆ ಚಿನ್ನದ ರೇಟು ಯಾಕೆ ಕೊಡಬೇಕು?

ಇನ್ನು ನಿಮ್ಮ ಮನೆಯವರ ಕೈ. ಅಡಿಕೆ ಸುಲಿಯುವ, ಕಾಯಿ ತುರಿಯುವ ಕೈ ಅಲ್ವಾ? ಹರಳಿನ ಗಟ್ಟಿತನ ಹೇಳುವ ಮೋಸ್ ಅಳತೆಯಲ್ಲಿ ಅಲೆಕ್ಸಾಂಡ್ರೈಟ್ 8.5, ತಡೆಯುತ್ತದೆ. ಟರ್ಕಿಯ ಡಯಾಸ್ಪೋರ್ ಅಂತ ಇನ್ನೊಂದು ಬಣ್ಣ ಬದಲಾಗುವ ಹರಳಿದೆ, ಚಂದವೇ, ಆದರೆ 6.5ರಿಂದ 7, ಪೆಟ್ಟು ಬಿದ್ದರೆ ಸೀಳುತ್ತದೆ. ಅದನ್ನು ಕಿವಿಗೆ ಮಾಡಿಸಿ, ಬೆರಳಿಗೆ ಬೇಡ. ಹರಳನ್ನು ಹಲ್ಲಿನಂಥ ಸಣ್ಣ ಚಿನ್ನದ ಕೊಕ್ಕೆಗಳ ಮೇಲೆ ಎತ್ತಿ ಕೂರಿಸುವ ಬದಲು ಸುತ್ತ ಚಿನ್ನದ ಅಂಚು ಬಗ್ಗಿಸಿ ತಗ್ಗಾಗಿ ಕೂರಿಸಲು ಸೊನಗಾರರಿಗೆ ಹೇಳಿ. ಎತ್ತರದ ಹಲ್ಲು ಸೀರೆ ಸೆರಗಿಗೆ, ತಲೆಗೂದಲಿಗೆ ಸಿಕ್ಕಿ ಸಿಕ್ಕಿ ಸಡಿಲಾಗುತ್ತದೆ, ಒಂದು ದಿನ ಹರಳು ಸಿಪ್ಪೆ ರಾಶಿಯಲ್ಲಿ ಹೋಗಿರುತ್ತದೆ.

ಪಚ್ಚೆಯ ಬದಲು ಇದಾಗುವುದಿಲ್ಲ. ಪಚ್ಚೆ ಬೆರಿಲ್ ಎಂಬ ಖನಿಜ, ಇದು ಕ್ರಿಸೊಬೆರಿಲ್ ಎಂಬ ಬೇರೆಯೇ ಖನಿಜ, ನವರತ್ನದ ವೈಡೂರ್ಯದ ದಾಯಾದಿ. ಗ್ರಹದ ಮಾತು ಜೋಯಿಸರ ಹತ್ತಿರವೇ ಕೇಳಿ, ನನ್ನದು ಕಲ್ಲಿನ ಮಾತು ಮಾತ್ರ.

ಪ್ರಶ್ನೆ: ಗೋಕರ್ಣದಲ್ಲಿ ಮೂಡ್ ರಿಂಗ್ ತಗೊಂಡೆ. ಸಿಟ್ಟು ಬಂದರೆ ಕಪ್ಪಾಗುತ್ತದೆ ಅಂದಿದ್ದರು. ಸಮುದ್ರಕ್ಕೆ ಇಳಿದು ಬಂದ ಮೇಲೆ ಸದಾ ಕಪ್ಪು. ಯಾಕೆ? (ಕಾಲೇಜು ವಿದ್ಯಾರ್ಥಿನಿ, ಅಂಕೋಲಾ)

ಉತ್ತರ: ಅದರಲ್ಲಿ ಹರಳೇ ಇಲ್ಲ ತಂಗಿ. ಗಾಜಿನಡಿ ಲಿಕ್ವಿಡ್ ಕ್ರಿಸ್ಟಲ್ ಎಂಬ ದ್ರವದಂಥ ವಸ್ತುವಿನ ಪದರ ಇರುತ್ತದೆ, ಬೆರಳಿನ ಬಿಸಿಗೆ ತಕ್ಕಂತೆ ಬಣ್ಣ ತೋರಿಸುತ್ತದೆ. ಸಿಟ್ಟಿಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೇ. ನೀರು ಒಳಗೆ ಹೋಗಿ ಪದರ ಕೆಟ್ಟಿರುತ್ತದೆ, ರಿಪೇರಿ ಆಗುವುದಿಲ್ಲ. ಇನ್ನೊಂದು ತಗೊಂಡರೆ ಕೈ ತೊಳೆಯುವಾಗ ತೆಗೆದಿಡು.